ಸತ್ಯವೇದದ ಊರುಗಳನ್ನು ನೋಡಿ ಕಲಿಯುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಯೆರೂಸಲೇಮ್, ಗಲಿಲಾಯ ಮುಂತಾದ ಸ್ಥಳಗಳಿಗೆ ಅಧ್ಯಯನ ಪ್ರವಾಸ ಹೋಗುವ ವಿಚಾರವಾಗಿ ಮಂಗಳೂರು ಮತ್ತು ಉಡುಪಿ ಕಡೆಯ ಓದುಗರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಉಳಿದವುಗಳ ಬೇರು ಅದರಲ್ಲಿದೆ.

ಪ್ರಶ್ನೆ: ನಾನು ಬಲ್ಮಠದ ಕಡೆಯ ಸಭೆಯೊಂದರಲ್ಲಿ ಬಹಳ ವರ್ಷಗಳಿಂದ ಭಾನುವಾರ ಶಾಲೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ನಮ್ಮಲ್ಲಿ ಒಂದು ಗುಂಪು ಪವಿತ್ರ ನಾಡಿಗೆ ಹೋಗುವ ಆಲೋಚನೆಯಲ್ಲಿದೆ. ಹತ್ತು ದಿನಗಳಲ್ಲಿ ಮೂವತ್ತಕ್ಕೂ ಹೆಚ್ಚು ಸ್ಥಳ ತೋರಿಸುತ್ತೇವೆಂದು ಏಜೆಂಟರು ಹೇಳುತ್ತಾರೆ. ಆದರೆ ಹಿಂದೆ ಹೋಗಿ ಬಂದವರು ಫೋಟೋ ತೋರಿಸಿದರೇ ಹೊರತು ವಾಕ್ಯದ ಬಗ್ಗೆ ಹೊಸದಾಗಿ ಏನನ್ನೂ ಹೇಳಲಿಲ್ಲ. ಸ್ಥಳ ನೋಡುವುದರಿಂದ ಗ್ರಂಥದ ಅಧ್ಯಯನಕ್ಕೆ ನಿಜವಾಗಿಯೂ ಉಪಯೋಗವಿದೆಯೇ? ಇದ್ದರೆ ಹೇಗೆ ಸಿದ್ಧರಾಗಬೇಕು?

ಉತ್ತರ: ಖಂಡಿತ ಉಪಯೋಗವಿದೆ. ಆದರೆ ಹೊರಡುವ ಮೊದಲೇ ಮನೆಯಲ್ಲಿ ಕುಳಿತು ಅಧ್ಯಾಯಗಳನ್ನು ಓದಿ, ಅರ್ಥವಾಗದ ಕಡೆ ಗುರುತು ಹಾಕಿ, ಆ ಗುರುತುಗಳನ್ನು ಜೊತೆಯಲ್ಲಿ ಕೊಂಡೊಯ್ದವರಿಗೆ ಮಾತ್ರ ಆ ಉಪಯೋಗ ಸಿಗುತ್ತದೆ. ಸ್ಥಳ ತಾನಾಗಿ ಏನನ್ನೂ ಕಲಿಸುವುದಿಲ್ಲ. ಕೇಳಿದವರಿಗೆ ಉತ್ತರ ಕೊಡುತ್ತದೆ.

ಈ ವಿಚಾರ ಹೊಸದಲ್ಲ. ಸತ್ಯವೇದವನ್ನು ಲ್ಯಾಟಿನ್ ಭಾಷೆಗೆ ತಂದ ಸಂತ ಜೆರೋಮ್ 386ರಿಂದ 420ರಲ್ಲಿ ತೀರಿಕೊಳ್ಳುವವರೆಗೆ ಬೇತ್ಲೆಹೇಮಿನಲ್ಲೇ ನೆಲೆಸಿದ್ದರು. ಅಥೆನ್ಸ್ ಪಟ್ಟಣವನ್ನು ಕಂಡವರಿಗೆ ಗ್ರೀಕರ ಇತಿಹಾಸ ಹೇಗೆ ಚೆನ್ನಾಗಿ ತಿಳಿಯುತ್ತದೆಯೋ ಹಾಗೆಯೇ ಯೂದಾಯವನ್ನು ಕಣ್ಣಾರೆ ನೋಡಿದವರಿಗೆ ಪವಿತ್ರ ಗ್ರಂಥ ಹೆಚ್ಚು ತಿಳಿಯಾಗುತ್ತದೆ ಎಂದು ಅವರು ಪೂರ್ವಕಾಲವೃತ್ತಾಂತದ ಮುನ್ನುಡಿಯಲ್ಲಿ ಬರೆದಿದ್ದಾರೆ. ತಾವು ಆ ನಾಡನ್ನು ಸುತ್ತಿದ್ದು ಯೆಹೂದ್ಯ ಪಂಡಿತರನ್ನು ಜೊತೆಗಿಟ್ಟುಕೊಂಡು ಎಂಬುದನ್ನೂ ಹೇಳಿದ್ದಾರೆ. ಅದೇ ಕಾಲದಲ್ಲಿ, 380ರ ದಶಕದಲ್ಲಿ, ಪಶ್ಚಿಮ ಯುರೋಪಿನಿಂದ ಹೊರಟ ಎಗೇರಿಯಾ ಎಂಬ ಸ್ತ್ರೀ ಸೀನಾಯಿ ಬೆಟ್ಟದಿಂದ ಯೆರೂಸಲೇಮಿನವರೆಗೆ ಸಂಚರಿಸಿ, ಕಂಡದ್ದನ್ನು ತನ್ನ ಊರಿನ ಸಹೋದರಿಯರಿಗೆ ಪತ್ರರೂಪದಲ್ಲಿ ಬರೆದಳು. ಅದರ ಹಸ್ತಪ್ರತಿ 1884ರಲ್ಲಿ ಇಟಲಿಯ ಅರೆಜ್ಜೊ ಪಟ್ಟಣದಲ್ಲಿ ಸಿಕ್ಕಿತು. ಯಾವ ಸ್ಥಳ ತಲುಪಿದರೂ ಆಕೆಯ ಕ್ರಮ ಒಂದೇ: ಮೊದಲು ಪ್ರಾರ್ಥನೆ, ಬಳಿಕ ಆ ಸ್ಥಳಕ್ಕೆ ಸೇರಿದ ಭಾಗವನ್ನು ಗ್ರಂಥದಿಂದ ಓದುವುದು, ಒಂದು ಕೀರ್ತನೆ, ಮತ್ತೆ ಪ್ರಾರ್ಥನೆ. ಹದಿನಾರು ಶತಮಾನಗಳ ನಂತರವೂ ಇದಕ್ಕಿಂತ ಒಳ್ಳೆಯ ಕ್ರಮವನ್ನು ನಾನು ಕಂಡಿಲ್ಲ. ನಿಮ್ಮ ಗುಂಪು ಇದನ್ನೇ ಅನುಸರಿಸಲಿ.

ಇನ್ನು ಅಲ್ಲಿ ನೋಡಬೇಕಾದದ್ದು ಏನು? ಯೆರೂಸಲೇಮಿನ ದೇವಾಲಯವನ್ನೂ ಪಟ್ಟಣವನ್ನೂ ರೋಮನ್ನರು ಕ್ರಿ.ಶ. 70ರಲ್ಲಿ ಹಾಳುಗೆಡವಿದರು. ಈಗ ಹಳೆಯ ಪಟ್ಟಣದ ಸುತ್ತ ಕಾಣುವ ಗೋಡೆ ಹದಿನಾರನೆಯ ಶತಮಾನದಲ್ಲಿ ಒಟ್ಟೊಮನ್ ಸುಲ್ತಾನ ಸುಲೈಮಾನ್ ಕಟ್ಟಿಸಿದ್ದು. ದೇವಾಲಯಗಳಾಗಿ ನಿಂತ ಕಟ್ಟಡಗಳಲ್ಲಿ ಅನೇಕವು ಇತ್ತೀಚಿನ ಒಂದೆರಡು ಶತಮಾನಗಳವು. ಆದರೆ ಬೆಟ್ಟ, ಕಣಿವೆ, ಒರತೆಗಳು ಇದ್ದಲ್ಲೇ ಇವೆ. ಆದ್ದರಿಂದ ನೆಲದ ಏರಿಳಿತವನ್ನೂ ನೀರಿನ ಮೂಲವನ್ನೂ ಊರಿನಿಂದ ಊರಿಗಿರುವ ದೂರವನ್ನೂ ಗಮನಿಸಿ ನೋಡುವುದು ಕಟ್ಟಡಗಳ ಸಾಲು ನೋಡುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ಒಳ್ಳೆಯ ಸಮಾರ್ಯದವನ ಸಾಮ್ಯವನ್ನೇ ತೆಗೆದುಕೊಳ್ಳಿ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವಾಗ ಕಳ್ಳರ ಕೈಗೆ ಸಿಕ್ಕಿ ಗಾಯಗೊಂಡವನನ್ನು ಯಾಜಕನು ಕಂಡೂ ದಾಟಿಹೋದ, ಸಮಾರ್ಯದವನು ಕಾಪಾಡಿದ ಆ ಕಥೆ ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ. ಯೆರೂಸಲೇಮ್ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಯೆರಿಕೋ ಸಮುದ್ರ ಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ, ಎರಡರ ನಡುವಿನ ದಾರಿ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಎಂದರೆ ಒಂದು ದಿನದ ನಡಿಗೆಯಲ್ಲಿ ಸಾವಿರ ಮೀಟರ್ ಇಳಿತ. ಸೋಮೇಶ್ವರದಿಂದ ಆಗುಂಬೆ ಘಾಟಿಯನ್ನು ಹತ್ತಿ ಇಳಿದವರು ಅಂಥ ದಾರಿಯನ್ನು ಊಹಿಸಿಕೊಳ್ಳಬಹುದು, ಆದರೆ ಆ ಘಾಟಿಯಿಂದ ಕಾಡು, ತೊರೆ, ಮಂಜು ಎಲ್ಲವನ್ನೂ ತೆಗೆದುಹಾಕಿ ಬರಿಯ ಬಂಡೆಯನ್ನೂ ಧೂಳನ್ನೂ ಬಿಸಿಲನ್ನೂ ಮಾತ್ರ ಉಳಿಸಿಕೊಂಡು ಊಹಿಸಬೇಕು. ಇಂದಿನ ಹೆದ್ದಾರಿಯಲ್ಲಿ ಬಸ್ಸು ಅರ್ಧ ಗಂಟೆಯಲ್ಲಿ ಇಳಿದುಬಿಡುತ್ತದೆ. ಹಾಗೆ ಇಳಿದವರಿಗೆ ಏನೂ ತಿಳಿಯುವುದಿಲ್ಲ. ವಾದಿ ಕೆಲ್ಟ್ ಎಂಬ ಕಣಿವೆಯ ಅಂಚಿನಲ್ಲಿ ಬಸ್ಸು ನಿಲ್ಲಿಸಿ ಸ್ವಲ್ಪ ದೂರವಾದರೂ ನಡೆದರೆ, ಕಳ್ಳರು ಅಡಗುವುದಕ್ಕೆ ತಿರುವುಗಳೆಷ್ಟು, ಗಾಯಗೊಂಡವನಿಗೆ ನೆರಳೆಲ್ಲಿ, ಹತ್ತಿರದ ನೀರು ಎಷ್ಟು ದೂರ ಎಂಬ ಪ್ರಶ್ನೆಗಳು ತಾವಾಗಿ ಏಳುತ್ತವೆ. ಇನ್ನೊಂದು ಸಂಗತಿಯೂ ಅಲ್ಲಿ ಹೊಳೆಯುತ್ತದೆ. ಯಾಜಕನು ದೇವಾಲಯದ ಸೇವೆಗೆ ಅಶುದ್ಧನಾಗುವೆನೆಂಬ ಭಯದಿಂದ ಗಾಯಾಳುವನ್ನು ಮುಟ್ಟಲಿಲ್ಲವೆಂದು ಪ್ರಸಂಗಗಳಲ್ಲಿ ಹೇಳುವುದುಂಟು. ಆದರೆ ಲೂಕನು ಬರೆದಂತೆ ಯಾಜಕನೂ ಆ ದಾರಿಯಲ್ಲಿ ಇಳಿಯುತ್ತಿದ್ದನು, ಅಂದರೆ ದೇವಾಲಯವನ್ನು ಬಿಟ್ಟು ಹೋಗುತ್ತಿದ್ದನು. ಸೇವೆಯ ನೆಪ ಅವನಿಗೆ ಅಷ್ಟಾಗಿ ಒದಗುವುದಿಲ್ಲ. ಸಾಮ್ಯದ ಪೆಟ್ಟು ಇದರಿಂದ ಇನ್ನಷ್ಟು ಬಿಗಿಯಾಗುತ್ತದೆ.

ದಾವೀದ ಗೊಲ್ಯಾತರ ಕಥೆ ಇನ್ನೊಂದು ಉದಾಹರಣೆ. ಮಕ್ಕಳಿಗೆ ನಾವು ಕವಣೆಯನ್ನೂ ಐದು ಕಲ್ಲುಗಳನ್ನೂ ಹೇಳುತ್ತೇವೆ, ಯುದ್ಧ ಅಲ್ಲೇ ಏಕೆ ನಡೆಯಿತೆಂದು ಹೇಳುವುದಿಲ್ಲ. 1 ಸಮುವೇಲ 17ನೇ ಅಧ್ಯಾಯದ ಮೊದಲ ವಚನಗಳು ಸೋಕೋ, ಅಜೇಕ, ಏಲಾ ಕಣಿವೆ ಎಂದು ಊರುಗಳ ಹೆಸರನ್ನು ಒಂದೊಂದಾಗಿ ಕೊಡುತ್ತವೆ, ನಾವು ಅವನ್ನು ಹಾರಿಸಿ ಮುಂದೆ ಓದುತ್ತೇವೆ. ಅಜೇಕದ ದಿಬ್ಬದ ಮೇಲೆ ನಿಂತು ನೋಡಿದರೆ ಆ ಹೆಸರುಗಳೇ ಕಥೆಯ ಕೀಲಿಯೆಂದು ಗೊತ್ತಾಗುತ್ತದೆ. ಪಶ್ಚಿಮಕ್ಕೆ ಫಿಲಿಷ್ಟಿಯರ ಬಯಲು. ಗೊಲ್ಯಾತನ ಊರಾದ ಗತ್ ಎಂದು ಗುರುತಿಸಲಾಗಿರುವ ತೇಲ್ ಎಸ್-ಸಾಫಿ ಎಂಬ ದಿಬ್ಬ ಸಮೀಪದಲ್ಲೇ ಇದೆ. ಪೂರ್ವಕ್ಕೆ ಯೂದಾಯದ ಬೆಟ್ಟಗಳು, ಆ ಬೆಟ್ಟಸಾಲಿನ ಮೇಲೆ ಬೇತ್ಲೆಹೇಮ್. ಬಯಲಿನಿಂದ ಬೆಟ್ಟಕ್ಕೆ ಏರುವ ಸಹಜವಾದ ದಾರಿಗಳಲ್ಲಿ ಈ ಕಣಿವೆ ಒಂದು. ಫಿಲಿಷ್ಟಿಯರು ಅದನ್ನು ಹಿಡಿದರೆ ಮುಂದಿನ ಗುರಿ ಬೇತ್ಲೆಹೇಮಿನ ಸುತ್ತಲ ಹೊಲ ಮನೆಗಳು. ಅಣ್ಣಂದಿರಿಗೆ ಹುರಿಗಾಳು, ರೊಟ್ಟಿ ಹೊತ್ತು ಬಂದ ಹುಡುಗನು ತನ್ನ ಮನೆಯ ಬಾಗಿಲಿಗೆ ಬರುತ್ತಿದ್ದ ಸೈನ್ಯದ ಎದುರು ನಿಂತನು. ಈ ಒಂದು ವಿಷಯ ಮಕ್ಕಳಿಗೆ ತಿಳಿಸಲು ಕಪ್ಪುಹಲಗೆಯ ಮೇಲೆ ನಾಲ್ಕು ಗೆರೆ ಸಾಕು, ಆದರೆ ಆ ಗೆರೆಗಳನ್ನು ಧೈರ್ಯದಿಂದ ಎಳೆಯಲು ಒಮ್ಮೆ ಅಲ್ಲಿ ನಿಂತಿರಬೇಕು.

ನೀರಿನ ವಿಷಯವಂತೂ ನಮ್ಮ ಕರಾವಳಿಯ ಓದುಗರಿಗೆ ಬಹಳ ಮುಖ್ಯ. ಯೆರೂಸಲೇಮಿನಲ್ಲಿ ನದಿಯಿಲ್ಲ. ಹಳೆಯ ಪಟ್ಟಣವು ಗೀಹೋನ್ ಎಂಬ ಒಂದು ಒರತೆಯನ್ನು ನಂಬಿ ಹುಟ್ಟಿದ ಊರು, ಆ ಒರತೆಯೂ ಕೋಟೆಯ ಬುಡದಲ್ಲಿ, ಶತ್ರುವಿನ ಕೈಗೆ ಸಿಗುವ ಜಾಗದಲ್ಲಿತ್ತು. ಅಶ್ಶೂರದ ಸನ್ಹೇರೀಬನು ಕ್ರಿ.ಪೂ. 701ರಲ್ಲಿ ಯೂದಾಯದ ಮೇಲೆ ಏರಿ ಬಂದ ಹೊತ್ತಿನಲ್ಲಿ ಅರಸನಾದ ಹಿಜ್ಕೀಯನು ಒರತೆಯ ನೀರನ್ನು ಪಟ್ಟಣದ ಒಳಕ್ಕೆ ತಿರುಗಿಸಿದನೆಂದು 2 ಅರಸುಗಳು 20ರಲ್ಲಿಯೂ 2 ಪೂರ್ವಕಾಲವೃತ್ತಾಂತ 32ರಲ್ಲಿಯೂ ಇದೆ. ಬಂಡೆಯೊಳಗೆ ಕೊರೆದ ಆ ಸುರಂಗ ಇಂದಿಗೂ ಇದೆ, ನೀರೂ ಹರಿಯುತ್ತಿದೆ. ಉದ್ದ ಸುಮಾರು 533 ಮೀಟರ್. ಇಷ್ಟು ಉದ್ದಕ್ಕೆ ಒಟ್ಟು ಇಳಿತ ಒಂದು ಅಡಿಯಷ್ಟು ಮಾತ್ರ. ಎರಡು ಕಡೆಯಿಂದ ಕೊರೆಯುತ್ತ ಬಂದ ಕಲ್ಲುಕುಟಿಗರು ಪರಸ್ಪರರ ಧ್ವನಿ ಕೇಳಿ ನಡುವೆ ಕೂಡಿಕೊಂಡದ್ದನ್ನು ಅಲ್ಲೇ ಗೋಡೆಯ ಮೇಲೆ ಕೆತ್ತಿದ್ದರು. 1880ರಲ್ಲಿ ಪತ್ತೆಯಾದ ಆ ಶಾಸನ ಈಗ ಇಸ್ತಾನ್‌ಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಸುರಂಗದಲ್ಲಿ ನಡೆದು ಹೊರಬಂದವರು ಅಲ್ಲೇ ಕುಳಿತು ಯೆಶಾಯ 22ನೇ ಅಧ್ಯಾಯವನ್ನು ಓದಬೇಕು. ನೀರಿಗಾಗಿ ಇಷ್ಟೆಲ್ಲ ಮಾಡಿದಿರಿ, ಇದನ್ನು ಬಹುಕಾಲದ ಹಿಂದೆ ಯೋಜಿಸಿದವನ ಕಡೆಗೆ ಮಾತ್ರ ನೋಡಲಿಲ್ಲ ಎಂಬ ಅರ್ಥದಲ್ಲಿ ಪ್ರವಾದಿ ಅದೇ ಜನರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಎಂಥ ಅದ್ಭುತವಾದ ಕೆಲಸವನ್ನು ನೋಡಿ ಪ್ರವಾದಿ ಹೀಗೆ ಮಾತಾಡಿದನೆಂಬುದು, ಕೈಯಿಂದ ಆ ಬಂಡೆಯನ್ನು ಸವರಿಕೊಂಡು ಬಂದವರಿಗೆ ಬೇರೆಯೇ ರೀತಿಯಲ್ಲಿ ನಾಟುತ್ತದೆ.

ಸಿದ್ಧತೆಯ ಬಗ್ಗೆ ಹೇಳುವುದಾದರೆ, ಮೂವತ್ತು ಸ್ಥಳಗಳ ಪಟ್ಟಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ, ದಿನಕ್ಕೆ ಮೂರರ ಮೇಲೆ ಬೇಡವೆಂದು ಏಜೆಂಟರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಅಂಗಡಿಗಳಲ್ಲಿ ಕಳೆಯುವ ಹೊತ್ತನ್ನೂ ಮೊದಲೇ ಗೊತ್ತುಮಾಡಿ, ಆಲಿವ್ ಮರದ ಗೊಂಬೆ ಆರಿಸುವುದರಲ್ಲಿ ಅರ್ಧ ದಿನ ಹೋಗುವುದು ನಮ್ಮ ಗುಂಪುಗಳಲ್ಲಿ ಸಾಮಾನ್ಯ. ಪ್ರತಿ ಸ್ಥಳಕ್ಕೂ ಗುಂಪಿನ ಒಬ್ಬರನ್ನು ನೇಮಿಸಿ, ಆ ಸ್ಥಳದ ಭಾಗವನ್ನು ಅವರೇ ಓದಿ ಹತ್ತು ನಿಮಿಷ ವಿವರಿಸಲಿ. ಕನ್ನಡ, ತುಳು, ಕೊಂಕಣಿ, ಯಾವ ಭಾಷೆಯಲ್ಲಿ ಮನೆಯ ಪ್ರಾರ್ಥನೆ ನಡೆಯುತ್ತದೆಯೋ ಅದರಲ್ಲೇ ಆಗಲಿ. ಹೊರಡುವುದಕ್ಕೆ ಕೆಲವು ತಿಂಗಳು ಮೊದಲು ಎಲ್ಲರೂ ಕೈಯಾರೆ ಒಂದು ಭೂಪಟ ಬರೆದು ಊರುಗಳ ಎತ್ತರವನ್ನು ಅದರಲ್ಲಿ ತುಂಬಲಿ. ಬಲ್ಮಠದಲ್ಲಿ ಥಿಯಲಾಜಿಕಲ್ ಕಾಲೇಜು, ಜೆಪ್ಪುವಿನಲ್ಲಿ ಸೆಮಿನರಿ ಇರುವ ಊರು ನಮ್ಮದು. ಅಲ್ಲಿನ ಅಧ್ಯಾಪಕರೊಬ್ಬರನ್ನು ಒಂದೆರಡು ಸಂಜೆ ಪಾಠಕ್ಕೆ ಕರೆಯುವುದು ಯಾವ ಸಭೆಗೂ ಕಷ್ಟವಲ್ಲ. ಮತ್ತು ಭಾನುವಾರದ ದಿನ ಬೇತ್ಲೆಹೇಮಿನಲ್ಲೋ ನಜರೇತಿನಲ್ಲೋ ಅರಬ್ಬೀ ಮಾತಾಡುವ ಅಲ್ಲಿನ ಕ್ರೈಸ್ತರ ಆರಾಧನೆಯಲ್ಲಿ ಕುಳಿತುಕೊಳ್ಳಿ. ಕಲ್ಲುಗಳನ್ನು ನೋಡಲು ಸಾವಿರಾರು ಮೈಲಿ ಹೋಗಿ, ಆ ಕಲ್ಲುಗಳ ನಡುವೆ ತಲೆತಲಾಂತರದಿಂದ ನಂಬಿಕೆ ಉಳಿಸಿಕೊಂಡು ಬಂದ ಜನರನ್ನು ಮಾತಾಡಿಸದೆ ಬರುವುದು ನನಗೆ ಬಹಳ ನೋವಿನ ಸಂಗತಿ.

ಪ್ರಶ್ನೆ: ಯೆರೂಸಲೇಮಿನಲ್ಲಿ ಯೇಸುವಿನ ಸಮಾಧಿಯೆಂದು ಎರಡು ಕಡೆ ತೋರಿಸುತ್ತಾರಂತೆ. ಯಾವುದು ನಿಜ? ಸುಳ್ಳು ಸ್ಥಳದಲ್ಲಿ ಪ್ರಾರ್ಥಿಸಿ ಬಂದರೆ ಯಾತ್ರೆಗೆ ಅರ್ಥವಿದೆಯೇ? (ಕಲ್ಯಾಣಪುರದ ಓದುಗರು)

ಉತ್ತರ: ಒಂದು ಹಳೆಯ ಪಟ್ಟಣದ ಒಳಗಿರುವ ಪವಿತ್ರ ಸಮಾಧಿಯ ದೇವಾಲಯ, ಇನ್ನೊಂದು ದಮಸ್ಕ ಬಾಗಿಲಿನ ಹೊರಗಿರುವ ಉದ್ಯಾನ ಸಮಾಧಿ. ಮೊದಲನೆಯದನ್ನು ಕಂಡ ಅನೇಕ ಪ್ರಾಟೆಸ್ಟಂಟ್ ಯಾತ್ರಿಕರಿಗೆ ನಿರಾಶೆಯಾಗುತ್ತದೆ. ಕತ್ತಲು, ಧೂಪ, ಜನಜಂಗುಳಿ, ಬೇರೆ ಬೇರೆ ಸಭೆಗಳು ಹಂಚಿಕೊಂಡ ಮೂಲೆಗಳು. ಅದಕ್ಕಿಂತ ಹೆಚ್ಚಾಗಿ, ಶಿಲುಬೆಗೇರಿಸಿದ್ದು ಪಟ್ಟಣದ ಹೊರಗೆ ಎಂದು ಗ್ರಂಥ ಹೇಳುವಾಗ ಇದು ಗೋಡೆಯ ಒಳಗಿದೆಯಲ್ಲ ಎಂಬ ಸಂಶಯ. ಎರಡನೆಯದು ಹೂಗಿಡಗಳ ನಡುವಿನ ಶಾಂತವಾದ ತೋಟ, ಬಂಡೆಯಲ್ಲಿ ಕೊರೆದ ಸಮಾಧಿ. ಸುವಾರ್ತೆ ಓದುವಾಗ ಮನಸ್ಸಿನಲ್ಲಿ ಮೂಡುವ ಚಿತ್ರಕ್ಕೆ ಅದು ಹತ್ತಿರ. 1883ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಗಾರ್ಡನ್ ಅದರ ಪಕ್ಕದ ಗುಡ್ಡವೇ ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಎಂದು ವಾದಿಸಿದ ಮೇಲೆ ಆ ಸ್ಥಳ ಪ್ರಸಿದ್ಧವಾಯಿತು.

ಆದರೆ ಅಧ್ಯಯನದ ದೃಷ್ಟಿಯಿಂದ ತೂಕ ಮೊದಲನೆಯದರ ಕಡೆಗೇ ಇದೆ. ಈಗಿನ ಗೋಡೆ ಯೇಸುವಿನ ಕಾಲದ್ದಲ್ಲವೆಂದು ಮೇಲೆ ಹೇಳಿದೆ. ಆ ಕಾಲದಲ್ಲಿ ಈ ಜಾಗ ಗೋಡೆಯ ಹೊರಗಿತ್ತು. ಶಿಲುಬೆಯ ಘಟನೆಯ ಬಳಿಕ, 40ರ ದಶಕದಲ್ಲಿ, ಹೆರೋದ ಅಗ್ರಿಪ್ಪನು ಹೊಸ ಗೋಡೆ ಎಬ್ಬಿಸಿದಾಗ ಒಳಗೆ ಸೇರಿತು. ದೇವಾಲಯದ ಒಳಭಾಗದಲ್ಲೇ ಮೊದಲ ಶತಮಾನದ ಯೆಹೂದ್ಯ ಪದ್ಧತಿಯ ಸಮಾಧಿ ಗೂಡುಗಳಿವೆ. ಊರ ಒಳಗೆ ಶವ ಹೂಳದ ಜನರು ಅಲ್ಲಿ ಸಮಾಧಿ ಕೊರೆದಿದ್ದರೆಂದರೆ ಅದು ಊರ ಹೊರಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ರೋಮ್ ಚಕ್ರವರ್ತಿ ಹದ್ರಿಯಾನನು ಅಲ್ಲಿ ಕಟ್ಟಿಸಿದ್ದ ಗುಡಿಯನ್ನು ಕೆಡವಿ ಕಾನ್‌ಸ್ಟಂಟೈನ್ ಕಟ್ಟಿಸಿದ ದೇವಾಲಯ 335ರಲ್ಲಿ ಪ್ರತಿಷ್ಠೆಯಾಯಿತು. ಇತ್ತ ಉದ್ಯಾನ ಸಮಾಧಿಯ ರಚನೆಯನ್ನು ಪರೀಕ್ಷಿಸಿದ ಪುರಾತತ್ತ್ವಜ್ಞ ಗೇಬ್ರಿಯಲ್ ಬರ್ಕಾಯ್ ಅವರು ಅದು ಕ್ರಿ.ಪೂ. ಎಂಟು ಏಳನೆಯ ಶತಮಾನಗಳ ಮಾದರಿಯೆಂದು ತೋರಿಸಿದ್ದಾರೆ. ಯೋಹಾನನು ಹೇಳುವುದು ಯಾರನ್ನೂ ಇಡದಿದ್ದ ಹೊಸ ಸಮಾಧಿಯನ್ನು.

ಹಾಗೆಂದು ಆ ತೋಟದಲ್ಲಿ ಕುಳಿತು ಯೋಹಾನ 20ನ್ನು ಓದಬಾರದೆಂದು ನಾನು ಹೇಳುವುದಿಲ್ಲ. ಓದಲು ಅದು ಒಳ್ಳೆಯ ಜಾಗ. ತಿಳಿದು ಕುಳಿತರೆ ಸಾಕು. ಬೇತ್ಸಥಾ ಕೊಳದಂತೆ ಅಗೆತದಿಂದ ಖಚಿತವಾದ ಸ್ಥಳಗಳಿವೆ, ಪವಿತ್ರ ಸಮಾಧಿಯಂತೆ ಹಳೆಯ ಸಂಪ್ರದಾಯವೂ ಸಾಕ್ಷ್ಯವೂ ಕೂಡಿದ ಸ್ಥಳಗಳಿವೆ, ಭಕ್ತಿಗಾಗಿ ನಂತರ ಏರ್ಪಟ್ಟವೂ ಇವೆ. ಶಿಲುಬೆಯ ಹಾದಿಯೆಂದು ಇಂದು ನಡೆಯುವ ಬೀದಿ ಕೊನೆಯ ಬಗೆಯದು. ರೋಮನ್ ಅಧಿಪತಿ ಪಿಲಾತನು ನ್ಯಾಯ ತೀರಿಸಿದ್ದು ಪಟ್ಟಣದ ಪಶ್ಚಿಮದಲ್ಲಿದ್ದ ಹೆರೋದನ ಅರಮನೆಯಲ್ಲೆಂದು ಈಗ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ, ಹಾಗಿದ್ದರೆ ಹಾದಿ ಬೇರೆಯದೇ ಆಗುತ್ತದೆ. ಇಷ್ಟನ್ನು ಗೈಡ್ ಹೇಳದಿದ್ದರೆ ಗುಂಪಿನ ಹಿರಿಯರು ಹೇಳಬೇಕು.

ಪ್ರಶ್ನೆ: ನಾನು ಕ್ರೈಸ್ತಳಲ್ಲ, ಮಲ್ಪೆಯ ಮೀನುಗಾರ ಮನೆತನದವಳು, ಕಾಲೇಜಿನಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಓದುತ್ತಿದ್ದೇನೆ. ಗಲಿಲಾಯ ಸಮುದ್ರವೆಂಬುದು ಸಿಹಿನೀರಿನ ಸರೋವರವೆಂದು ತಿಳಿಯಿತು. ಆಚೆ ದಡ ಕಾಣುವ ನೀರಿನಲ್ಲಿ ಅನುಭವಿ ಮೀನುಗಾರರು ಸತ್ತೇ ಹೋಗುತ್ತೇವೆಂದು ಕೂಗುವಷ್ಟು ಬಿರುಗಾಳಿ ಏಳುತ್ತದೆಯೇ?

ಉತ್ತರ: ಸಮುದ್ರದ ಮನೆಯವರೇ ಕೇಳಬೇಕಾದ ಪ್ರಶ್ನೆ ಇದು. ಆ ಸರೋವರ ಸುಮಾರು 21 ಕಿಲೋಮೀಟರ್ ಉದ್ದ, 13 ಕಿಲೋಮೀಟರ್ ಅಗಲ ಇದೆ. ಅದರ ನೀರಿನ ಮಟ್ಟ ಸಮುದ್ರ ಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ, ಸುತ್ತಲೂ ಬೆಟ್ಟಗಳಿವೆ. ತಗ್ಗಿನಲ್ಲಿ ಬೆಚ್ಚಗಾದ ಗಾಳಿ ಮೇಲೇರುತ್ತದೆ, ಎತ್ತರದ ತಣ್ಣನೆಯ ಗಾಳಿ ಕಣಿವೆಗಳ ಮೂಲಕ ಒಮ್ಮೆಲೇ ನುಗ್ಗುತ್ತದೆ, ಅರಬಿಕ್ಕಡಲಿನಲ್ಲಿ ನಿಮಗೆ ಮೊದಲೇ ಕಾಣುವ ಮೋಡದ ಮುನ್ಸೂಚನೆ ಅಲ್ಲಿ ಬಹಳ ಸಲ ಸಿಗುವುದಿಲ್ಲ. ಇಷ್ಟರ ಮೇಲೆ ದೋಣಿ ಎಂಥದ್ದಿತ್ತೆಂದು ನೋಡಬೇಕು. 1986ರ ಬರಗಾಲದಲ್ಲಿ ನೀರು ಹಿಂದೆ ಸರಿದಾಗ ಗಿನೋಸರ್ ಎಂಬಲ್ಲಿ ಕೆಸರಿನಿಂದ ಮೊದಲ ಶತಮಾನದ ಆಸುಪಾಸಿನ ಮೀನುಗಾರಿಕಾ ದೋಣಿಯೊಂದು ಹೊರಬಂದಿತು; ಈಗ ಅಲ್ಲೇ ಪ್ರದರ್ಶನಕ್ಕಿದೆ. ಉದ್ದ 8.2 ಮೀಟರ್, ಅಗಲ 2.3 ಮೀಟರ್. ಅನೇಕ ಜಾತಿಯ ಮರದ ತುಂಡುಗಳನ್ನು ಸೇರಿಸಿ, ಹಳೆಯ ದೋಣಿಗಳ ಹಲಗೆಗಳನ್ನೂ ಬಳಸಿ, ಮತ್ತೆ ಮತ್ತೆ ದುರಸ್ತಿ ಮಾಡಿದ ದೋಣಿ ಅದು. ದೋಣಿಯ ಖರ್ಚು ಬಲ್ಲ ನಿಮಗೆ ಆ ತೇಪೆಗಳು ಆ ಮನೆಯ ಸ್ಥಿತಿಯನ್ನು ನನಗಿಂತ ಚೆನ್ನಾಗಿ ಹೇಳುತ್ತವೆ. ಹತ್ತು ಹನ್ನೆರಡು ಜನ ತುಂಬಿದ ಅಂಥ ದೋಣಿಗೆ ಸಂಜೆಗತ್ತಲಲ್ಲಿ ಅಡ್ಡಗಾಳಿ ಹೊಡೆದರೆ ಏನಾಗುತ್ತದೆಂದು ನೀವೇ ತೀರ್ಮಾನಿಸಬಹುದು. ಮಾರ್ಕನ 4ನೇ ಅಧ್ಯಾಯದ ಕೊನೆಯ ಭಾಗವನ್ನು ನಿಮ್ಮ ಮನೆಯ ಹಿರಿಯ ಮೀನುಗಾರರಿಗೆ ಓದಿ ಹೇಳಿ, ಅವರು ಕೇಳುವ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಪ್ರಬಂಧಕ್ಕೆ ಅದು ಬಹಳ ಬೆಲೆಯ ಸಾಮಗ್ರಿಯಾದೀತು.

ಪ್ರಶ್ನೆ: ಯೆರಿಕೋವಿನ ಗೋಡೆ ಬಿದ್ದದ್ದಕ್ಕೆ ಅಗೆತದಲ್ಲಿ ಸಾಕ್ಷಿ ಸಿಕ್ಕಿದೆಯೆಂದು ಒಂದು ವಿಡಿಯೋದಲ್ಲಿ ನೋಡಿದೆ, ಇಲ್ಲವೆಂದು ಇನ್ನೊಂದರಲ್ಲಿ ನೋಡಿದೆ. ಯಾವುದನ್ನು ನಂಬಲಿ? (ಜೆಪ್ಪುವಿನ ಯುವ ಓದುಗರು)

ಉತ್ತರ: ಹಳೆಯ ಯೆರಿಕೋ ಎಂದರೆ ತೇಲ್ ಎಸ್-ಸುಲ್ತಾನ್ ಎಂಬ ದಿಬ್ಬ. 1930ರ ದಶಕದಲ್ಲಿ ಅಲ್ಲಿ ಅಗೆದ ಜಾನ್ ಗಾರ್‌ಸ್ಟಾಂಗ್ ಬಿದ್ದ ಗೋಡೆಯೊಂದನ್ನು ಕಂಡು ಅದು ಇಸ್ರಾಯೇಲರನ್ನು ನಡೆಸಿಕೊಂಡು ಬಂದ ಯೆಹೋಶುವನ ಕಾಲದ್ದೆಂದು ಹೇಳಿದರು. 1952ರಿಂದ 1958ರವರೆಗೆ ಇನ್ನೂ ಸೂಕ್ಷ್ಮವಾದ ವಿಧಾನದಿಂದ ಅಗೆದ ಕ್ಯಾಥ್ಲೀನ್ ಕೆನ್ಯನ್ ಆ ಗೋಡೆ ಅದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದೆಂದೂ, ಕೋಟೆಯ ಪಟ್ಟಣ ಕ್ರಿ.ಪೂ. 1550ರ ಸುಮಾರಿಗೆ ನಾಶವಾಗಿತ್ತೆಂದೂ ತೋರಿಸಿದರು. ಹೆಚ್ಚಿನ ಪುರಾತತ್ತ್ವಜ್ಞರು ಇಂದಿಗೂ ಕೆನ್ಯನ್ ಅವರ ಕಾಲನಿರ್ಣಯವನ್ನೇ ಒಪ್ಪುತ್ತಾರೆ. ಒಪ್ಪದೆ ವಾದಿಸುವವರೂ ಇದ್ದಾರೆ. ನೀವು ನೋಡಿದ ಎರಡು ವಿಡಿಯೋಗಳು ಈ ಎರಡು ಕಡೆಯವು.

ಬೇರೆ ಕಡೆ ಅಗೆತವು ಗ್ರಂಥದ ಹೆಸರುಗಳನ್ನು ಕಲ್ಲಿನ ಮೇಲೆ ತೋರಿಸಿಕೊಟ್ಟಿದೆ. 1961ರಲ್ಲಿ ಕೈಸರೈಯದಲ್ಲಿ ಪಿಲಾತನ ಹೆಸರಿರುವ ಕಲ್ಲು ಸಿಕ್ಕಿತು. 1993ರಲ್ಲಿ ತೇಲ್ ದಾನ್‌ನಲ್ಲಿ ದಾವೀದನ ಮನೆತನವನ್ನು ಹೆಸರಿಸುವ, ಕ್ರಿ.ಪೂ. ಒಂಬತ್ತನೆಯ ಶತಮಾನದ ಅರಾಮಿಕ್ ಶಾಸನ ಸಿಕ್ಕಿತು. ಪ್ರವಾಸಿಗಳಿಗೆ ಇವನ್ನು ಹೇಳುವಾಗ ನಮಗೆ ಉತ್ಸಾಹ, ಯೆರಿಕೋವಿನ ದಿಬ್ಬ ಬಂದಾಗ ಮೌನ. ಇದು ಸರಿಯಲ್ಲ. ಅನುಕೂಲವಾದ ಕಲ್ಲನ್ನು ಎತ್ತಿ ತೋರಿಸಿ ಅನನುಕೂಲವಾದದ್ದನ್ನು ಮುಚ್ಚಿಟ್ಟರೆ ಯುವಜನರು ಎರಡನ್ನೂ ನಂಬದಂತಾಗುತ್ತಾರೆ. ಯೆರಿಕೋವಿಗೆ ಹೋದರೆ ಯೆಹೋಶುವ 6ನ್ನು ಓದಿ, ಕೆನ್ಯನ್ ಅಗೆದ ಕಂದಕವನ್ನೂ ನೋಡಿ, ಆ ಬರಹ ಇಸ್ರಾಯೇಲರಿಗೆ ಏನು ಹೇಳಲು ಹೊರಟಿತ್ತು ಎಂಬ ಪ್ರಶ್ನೆಯನ್ನು ಗುಂಪಿನ ಮುಂದಿಡಿ. ಅದೇ ದಿಬ್ಬದಲ್ಲಿ ಕ್ರಿ.ಪೂ. 8000ದಷ್ಟು ಹಳೆಯದಾದ ಕಲ್ಲಿನ ಗೋಪುರವೊಂದಿದೆ, ಸುಮಾರು ಎಂಟೂವರೆ ಮೀಟರ್ ಎತ್ತರ. ಅಬ್ರಹಾಮನಿಗಿಂತ ಸಾವಿರಾರು ವರ್ಷ ಮೊದಲೇ ಆ ಒರತೆಯ ಬಳಿ ಜನ ಊರು ಕಟ್ಟಿದ್ದರು ಎಂಬುದು ನಿಮ್ಮಂಥ ಓದುಗರು ಯೋಚಿಸಬೇಕಾದ ವಿಷಯ.

ಪ್ರಶ್ನೆ: ನಿವೃತ್ತ ಶಿಕ್ಷಕಿ, ಮಂಡಿನೋವು, ಪಿಂಚಣಿಯ ಜೀವನ. ಹೋಗಲಾರದವರಿಗೆ ಸತ್ಯವೇದ ಅರ್ಧವೇ ಅರ್ಥವಾಗುತ್ತದೆಯೇ? (ಉಡುಪಿಯ ಓದುಗರು)

ಉತ್ತರ: ಇಲ್ಲ, ಅಮ್ಮ. ನಾಡನ್ನು ನೋಡಬೇಕೆಂದು ಬರೆದ ಅದೇ ಜೆರೋಮ್, ಪೌಲಿನಸ್ ಎಂಬ ಸ್ನೇಹಿತರಿಗೆ ಬರೆದ ಪತ್ರದಲ್ಲಿ, ಸ್ವರ್ಗದ ದಾರಿ ಯೆರೂಸಲೇಮಿನಿಂದ ಎಷ್ಟು ಸುಲಭವೋ ಬ್ರಿಟನ್ನಿನಿಂದಲೂ ಅಷ್ಟೇ ಸುಲಭ ಎಂದಿದ್ದಾರೆ. ಉಡುಪಿಗೂ ಆ ಮಾತು ಸಲ್ಲುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಅಧ್ಯಯನವನ್ನು ಸೂಚಿಸುತ್ತೇನೆ. ಮಳೆಯ ಲೆಕ್ಕವನ್ನು ಎದುರಿಗಿಟ್ಟುಕೊಂಡು ಗ್ರಂಥವನ್ನು ಓದಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಯೆರೂಸಲೇಮಿನಲ್ಲಿ ವರ್ಷಕ್ಕೆ ಸುಮಾರು 550 ಮಿಲಿಮೀಟರ್, ಅದೂ ನಮಗೆ ಮಳೆಯಿಲ್ಲದ ಚಳಿಗಾಲದ ತಿಂಗಳುಗಳಲ್ಲಿ. ಬೇಸಿಗೆಯುದ್ದಕ್ಕೂ ಹನಿ ಬೀಳುವುದಿಲ್ಲ. ಧರ್ಮೋಪದೇಶಕಾಂಡ 11ರಲ್ಲಿ ಐಗುಪ್ತದ ನೀರಾವರಿ ಹೊಲವನ್ನೂ ಆಕಾಶದ ಮಳೆಯನ್ನೇ ಕುಡಿಯುವ ಬೆಟ್ಟದ ನಾಡನ್ನೂ ಹೋಲಿಸಿ, ಮುಂಗಾರು ಹಿಂಗಾರುಗಳ ವಾಗ್ದಾನ ಕೊಟ್ಟದ್ದನ್ನು ಈ ಅಂಕಿಗಳ ಜೊತೆ ಓದಿದರೆ, ದೇವರ ಮೇಲೆ ಕಣ್ಣಿಟ್ಟು ಬದುಕುವುದು ಅಲ್ಲಿನ ರೈತನಿಗೆ ಪ್ರತಿ ವರ್ಷದ ಕಷ್ಟವಾಗಿತ್ತೆಂದು ತಿಳಿಯುತ್ತದೆ. ಯೆರೆಮೀಯ 2ರಲ್ಲಿ ಬಿರುಕು ಬಿಟ್ಟ ತೊಟ್ಟಿಗಳ ಮಾತು ಬರುತ್ತದೆ. ಹಿತ್ತಲಲ್ಲಿ ಬಾವಿ ಇರುವ ನಮಗೆ ಅದು ಒಂದು ಉಪಮೆ ಅಷ್ಟೆ. ಬಂಡೆಯಲ್ಲಿ ತೊಟ್ಟಿ ಕೊರೆದು, ಗಾರೆ ಬಳಿದು, ಚಳಿಗಾಲದ ನೀರನ್ನು ಮುಂದಿನ ಚಳಿಗಾಲದವರೆಗೆ ಕಾಪಾಡುತ್ತಿದ್ದ ಮನೆಗೆ ಬಿರುಕು ಎಂದರೆ ಬಾಯಾರಿ ಸಾಯುವುದು. ಹೋಗಿ ಬಂದ ಅನೇಕರು ಇದನ್ನು ಗಮನಿಸದೆ ಬರುತ್ತಾರೆ. ನಿಮ್ಮಂಥವರು ಕುಳಿತಲ್ಲೇ ಗಮನಿಸಿ ಅವರಿಗೆ ಹೇಳಿಕೊಡಬಹುದು.

ಪ್ರಶ್ನೆ: ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು? ಯುದ್ಧದ ಭಯವಿರುವಾಗ ಬೇರೆ ಎಲ್ಲಿಗಾದರೂ ಅಧ್ಯಯನ ಪ್ರವಾಸ ಹೋಗಬಹುದೇ? (ಕುಂದಾಪುರದ ಓದುಗರು)

ಉತ್ತರ: ಮಾರ್ಚ್ ನನ್ನ ಆಯ್ಕೆ. ಚಳಿಗಾಲದ ಮಳೆ ಮುಗಿದು ಗಲಿಲಾಯದ ಗುಡ್ಡಗಳು ಆಗ ಹಸಿರಾಗಿರುತ್ತವೆ, ಮೇ ಬರುವಷ್ಟರಲ್ಲಿ ಒಣಗಿ ಕಂದಾಗುತ್ತವೆ. ಐದು ಸಾವಿರ ಜನರಿಗೆ ಊಟ ಕೊಟ್ಟ ದಿನ ಜನರು ಹಸಿರು ಹುಲ್ಲಿನ ಮೇಲೆ ಕುಳಿತರೆಂದು ಮಾರ್ಕ 6ರಲ್ಲಿದೆ. ಅದೇ ಘಟನೆಯನ್ನು ಹೇಳುವಾಗ ವಸಂತದಲ್ಲಿ ಬರುವ ಪಸ್ಕಹಬ್ಬ ಹತ್ತಿರವಾಗಿತ್ತೆಂದು ಯೋಹಾನ 6ರಲ್ಲಿದೆ. ಇಬ್ಬರು ಬೇರೆ ಬೇರೆಯಾಗಿ ಬರೆದ ಈ ಎರಡು ಚಿಕ್ಕ ವಿವರಗಳು ಆ ಋತುವಿನಲ್ಲಿ ಒಂದಕ್ಕೊಂದು ಹೊಂದುವುದನ್ನು ಗುಡ್ಡದ ಮೇಲೆ ಕುಳಿತೇ ಕಾಣಬಹುದು. ಈಸ್ಟರ್ ವಾರದ ನೂಕುನುಗ್ಗಲನ್ನು ಮಾತ್ರ ತಪ್ಪಿಸಿ.

2023ರ ಅಕ್ಟೋಬರ್‌ನಲ್ಲಿ ಯುದ್ಧ ಆರಂಭವಾದಂದಿನಿಂದ ಆ ಕಡೆಯ ಪ್ರಯಾಣ ಅನಿಶ್ಚಿತವಾಗಿದೆ. ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆಯನ್ನು ನೋಡದೆ, ರದ್ದಾದರೆ ಹಣ ಹಿಂತಿರುಗುವ ಷರತ್ತಿಲ್ಲದೆ, ಯಾರೂ ಮುಂಗಡ ಕೊಡಬೇಡಿ. ಪೌಲನ ಪತ್ರಗಳನ್ನೂ ಪ್ರಕಟನೆಯನ್ನೂ ಓದುವ ಗುಂಪಿಗೆ ಗ್ರೀಸ್ ಮತ್ತು ಟರ್ಕಿ ಬಹಳ ಒಳ್ಳೆಯ ತರಗತಿಗಳು. ಕೊರಿಂಥದಲ್ಲಿ ಪೌಲನನ್ನು ರೋಮನ್ ಅಧಿಪತಿ ಗಲ್ಲಿಯೋನನ ಮುಂದೆ ನಿಲ್ಲಿಸಿದ ನ್ಯಾಯಾಸನದ ಕಟ್ಟೆ ಇದೆ. ಡೆಲ್ಫಿಯಲ್ಲಿ ಸಿಕ್ಕಿದ ಶಾಸನದಿಂದ ಗಲ್ಲಿಯೋನನ ಅಧಿಕಾರದ ಕಾಲ ಕ್ರಿ.ಶ. 51-52ರ ಸುಮಾರಿನದೆಂದು ತಿಳಿದುಬಂದಿದ್ದರಿಂದ ಪೌಲನ ಇಡೀ ಜೀವನದ ಕಾಲಗಣನೆಗೆ ಅದು ಆಧಾರವಾಯಿತು. ಟರ್ಕಿಯಲ್ಲಿ ಲವೊದಿಕೀಯವನ್ನು ಬಿಡಬೇಡಿ. ಉತ್ತರಕ್ಕೆ ಹತ್ತು ಕಿಲೋಮೀಟರ್ ಸುಮಾರಿನಲ್ಲಿ ಹಿಯರಾಪೊಲಿಯ ಬಿಸಿನೀರಿನ ಬುಗ್ಗೆಗಳು, ಈಗಿನ ಪಾಮುಕ್ಕಲೆ. ಇನ್ನೊಂದು ದಿಕ್ಕಿನಲ್ಲಿ ಕೊಲೊಸ್ಸೆ, ಬೆಟ್ಟದಿಂದ ಬರುವ ತಣ್ಣೀರಿನ ಊರು. ನಡುವಿನ ಲವೊದಿಕೀಯಕ್ಕೆ ನೀರು ದೂರದಿಂದ ಕೊಳವೆಗಳಲ್ಲಿ ಬರಬೇಕಿತ್ತು. ಒಳಗೆ ದಪ್ಪವಾಗಿ ಸುಣ್ಣ ಕಟ್ಟಿಕೊಂಡ ಕೊಳವೆಗಳನ್ನು ಇಂದಿಗೂ ಅಲ್ಲಿ ನೋಡಬಹುದು. ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಸಭೆಯೆಂದು ಪ್ರಕಟನೆ 3ರಲ್ಲಿ ಬಂದ ಬೈಗುಳನ್ನು ನಾವು ಉತ್ಸಾಹದ ಕೊರತೆಯೆಂದಷ್ಟೇ ಪ್ರಸಂಗಿಸುತ್ತೇವೆ. ಮೈನೋವಿಗೆ ಬಿಸಿನೀರೂ ಬಾಯಾರಿಕೆಗೆ ತಣ್ಣೀರೂ ಉಪಯೋಗಕ್ಕೆ ಬರುವಾಗ ನಿಮ್ಮಿಂದ ಯಾರಿಗೂ ಉಪಯೋಗವಿಲ್ಲ ಎಂದು ಆ ಊರಿನ ಜನ ಕೇಳಿಸಿಕೊಂಡಿರಬೇಕೆಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ, ನನಗೂ ಅದೇ ಸರಿಯೆಂದು ಕಾಣುತ್ತದೆ. ಪ್ರವಾಸದ ಬಸ್ಸುಗಳು ಸಾಮಾನ್ಯವಾಗಿ ಪಾಮುಕ್ಕಲೆಯಲ್ಲಿ ಕಾಲು ನೆನೆಸಲು ಮಾತ್ರ ನಿಲ್ಲುತ್ತವೆ. ಮೂರೂ ಊರುಗಳಿಗೆ ಸೇರಿಸಿ ಒಂದು ಪೂರ್ಣ ದಿನ ಬೇಕೆಂದು ಮಂಗಳೂರಿನಲ್ಲಿ ಟಿಕೆಟ್ ಮಾಡಿಸುವಾಗಲೇ ಹೇಳಿಬಿಡಿ.